ಮುದ್ದೆ 2050: ಬಳಕೆಯ ಕೈಪಿಡಿ

ಬೆಂಗಳೂರಿನ ಡಿಸೈನ್ ಕಾಲೇಜುಗಳ ವಿದ್ಯಾರ್ಥಿ ತಂಡಗಳಿಗಾಗಿ. ಪ್ರಾಜೆಕ್ಟ್ ಶುರು ಮಾಡುವ ಮೊದಲು ಪೂರ್ತಿ ಓದಿಕೊಳ್ಳಿ. ಕೈಪಿಡಿಗಳನ್ನು ಯಾರೂ ಓದುವುದಿಲ್ಲ ಎಂಬುದು ಗೊತ್ತಿರುವುದರಿಂದ, ಒಲೆಯ ಮುಂದೆ ನಿಲ್ಲಬೇಕಾದ ಭಾಗವನ್ನಾದರೂ ಓದಿ.

ನಿಮ್ಮ ಆಯ್ಕೆಗೆ ಅಭಿನಂದನೆಗಳು

"ಸಾಂಪ್ರದಾಯಿಕ ಆಹಾರವೊಂದನ್ನು 2050ಕ್ಕೆ ಹೊಸದಾಗಿ ರೂಪಿಸಿ" ಎಂಬ ಒಂದೇ ಸಾಲಿನ ಪ್ರಾಜೆಕ್ಟ್ ನಿಮ್ಮ ತಂಡಕ್ಕೆ ಬಂದಿದೆ. ಇಡ್ಲಿಯನ್ನು ಪಕ್ಕದ ತಂಡ ಆಗಲೇ ಹಾರಿಸಿಕೊಂಡು ಹೋಗಿದೆ. ಹೋಳಿಗೆ ಇನ್ನೊಂದು ತಂಡದ ಪಾಲಾಗಿದೆ. ಅವರು ಅದರ ಮೇಲೆ ಕ್ಯೂಆರ್ ಕೋಡ್ ಸುಡುವ ಯೋಚನೆಯಲ್ಲಿದ್ದಾರೆ. ನಿಮಗೆ ಉಳಿದದ್ದು ರಾಗಿ ಮುದ್ದೆ. ಬೇಸರ ಬೇಡ. ಗುಂಡಗಿದೆ, ಒಂದೇ ಬಣ್ಣ, ಮೂಲೆಯಿಲ್ಲ, ಹೊದಿಕೆಯಿಲ್ಲ, ಅಲಂಕಾರವಿಲ್ಲ. ನಿಮ್ಮ ಮೊದಲ ವರ್ಷದ ಪಾಠಗಳಲ್ಲಿ ಹೇಳಿಕೊಟ್ಟದ್ದನ್ನೆಲ್ಲ ಅದು ಯಾರೂ ಹೇಳದೆಯೇ ಪಾಲಿಸಿಕೊಂಡು ಕೂತಿದೆ. ನಿಮಗೆ ಮಾಡಲು ಏನೂ ಉಳಿದಿಲ್ಲ ಎಂಬುದು ಈ ಪ್ರಾಜೆಕ್ಟಿನ ಮೊದಲ ತೊಡಕು. ಅಂಕ ಬೇಕಾದ್ದರಿಂದ ಏನಾದರೂ ಮಾಡಲೇಬೇಕು ಎಂಬುದು ಎರಡನೆಯದು.

ಪೆಟ್ಟಿಗೆಯಲ್ಲಿರುವ ವಸ್ತುಗಳು

ಲೀಡರ್, ಒಬ್ಬ. ಕಂಪ್ಯೂಟರಿನಲ್ಲಿ ರೆಂಡರ್ ಮಾಡುವವಳು, ಒಬ್ಬಳು; ಇವಳಿಲ್ಲದೆ 2050 ಕಾಣಿಸುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಬ್ಬೆರಳು ಎತ್ತುವುದನ್ನು ಬಿಟ್ಟು ಬೇರೇನೂ ಮಾಡದವನು, ಒಬ್ಬ. ಮುದ್ದೆಯನ್ನು ಒಮ್ಮೆಯೂ ಉಣ್ಣದ, ಆದ್ದರಿಂದಲೇ ಅದರ ಬಗ್ಗೆ ಎಲ್ಲರಿಗಿಂತ ಹೆಚ್ಚು ಮಾತಾಡುವವನು, ಒಬ್ಬ. ಕೊನೆಗೆ ಮದ್ದೂರು ಕಡೆಯ ಹುಡುಗಿಯೊಬ್ಬಳು. ಮನೆಯಲ್ಲಿ ದಿನಾ ಮಾಡುವ ಊಟ ಕಾಲೇಜಿನಲ್ಲಿ ಹೀಗೆ ಪ್ರಾಜೆಕ್ಟ್ ಆದದ್ದು ನೋಡಿ ಅವಳಿಗೆ ಮಾತು ಹೊರಡುತ್ತಿಲ್ಲ. ಅವಳನ್ನು ಜೋಪಾನ ಮಾಡಿ. ಈ ಬಿಡಿಭಾಗ ಬೇರೆಡೆ ಸಿಗುವುದಿಲ್ಲ.

ಎಚ್ಚರಿಕೆ

ಈ ಕೆಲಸಕ್ಕೆ ಕೈಹಾಕಿದವರಲ್ಲಿ ನೀವು ಮೊದಲಿಗರಲ್ಲ. 1930ರ ಡಿಸೆಂಬರಿನಲ್ಲಿ ಇಟಲಿಯ ಕವಿ ಮರಿನೆಟ್ಟಿ ಭವಿಷ್ಯದ ಅಡುಗೆಗೆ ಪ್ರಣಾಳಿಕೆ ಹೊರಡಿಸಿದ. ಪಾಸ್ತಾ ತಿಂದೇ ಇಟಲಿಯ ಜನ ಜಡವಾಗಿದ್ದಾರೆ, ಮೊದಲು ಅದನ್ನು ಕಿತ್ತೊಗೆಯಬೇಕು ಎಂದ. ಚಾಕು, ಫೋರ್ಕು ಬೇಡ; ಉಣ್ಣುವಾಗ ಸುಗಂಧ ಬೇಕು; ದೇಹಕ್ಕೆ ಬೇಕಾದ ಪೋಷಣೆಯನ್ನು ಸರ್ಕಾರವೇ ಮಾತ್ರೆ, ಪುಡಿಗಳ ರೂಪದಲ್ಲಿ ಪುಕ್ಕಟೆ ಹಂಚಲಿ ಎಂದ. 1932ರಲ್ಲಿ ಇದೆಲ್ಲ ಪುಸ್ತಕವೂ ಆಯಿತು. ಪುಸ್ತಕವನ್ನು ಈಗ ಕಲಾ ವಿದ್ಯಾರ್ಥಿಗಳು ಓದುತ್ತಾರೆ. ಪಾಸ್ತಾವನ್ನು ಬೆಂಗಳೂರಿನ ಪಿ.ಜಿ.ಗಳಲ್ಲೂ ತಿನ್ನುತ್ತಾರೆ. ಫೋರ್ಕಿಲ್ಲದ ಊಟವೇ ಬೇಕಿದ್ದರೆ ಮನುಷ್ಯ ಸುಮ್ಮನೆ ಮಂಡ್ಯಕ್ಕೆ ಬರಬಹುದಿತ್ತು.

ಹಂತ 1: ಸಂಶೋಧನೆ

ಗೋಡೆಯ ಮೇಲೆ ಹಳದಿ ಚೀಟಿಗಳನ್ನು ಅಂಟಿಸಿ. ನಡುವೆ ದೊಡ್ಡಕ್ಷರದಲ್ಲಿ "ಪರಂಪರೆ" ಎಂದು ಬರೆಯಿರಿ. ಇನ್ನು ಅದರ ಸುತ್ತ ಏನೇನು ಅಂಟುತ್ತದೆ ನೋಡಿ.

ರಾಗಿ ನಮ್ಮದಲ್ಲ. ಪೂರ್ವ ಆಫ್ರಿಕಾದ ಎತ್ತರದ ನೆಲದಿಂದ ಸಾವಿರಾರು ವರ್ಷಗಳ ಹಿಂದೆ ಬಂದದ್ದು. ಉಗಾಂಡದಲ್ಲಿ ಇವತ್ತಿಗೂ ಇದೇ ಹಿಟ್ಟನ್ನು ಕುದಿನೀರಿಗೆ ಹಾಕಿ ತಿರುವಿ, "ಕಲೋ" ಎಂದು ಕರೆದು, ಬಿಸಿಬಿಸಿಯಾಗಿ ಕೈಯಲ್ಲಿ ಮುರಿದು ಸಾರಿನಂಥದ್ದರಲ್ಲಿ ಅದ್ದಿಕೊಂಡು ಉಣ್ಣುತ್ತಾರೆ. ಮುದ್ದೆಯ ಜೊತೆಗಿನ ಬಸ್ಸಾರಿಗೆ ಬೀಳುವ ಒಣಮೆಣಸಿನಕಾಯಿ ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗಿನಲ್ಲಿ ಇಳಿದದ್ದು. ಅಷ್ಟೇ ಅಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು, ಜನ "ರಾಗಿ ಲಕ್ಷ್ಮಣಯ್ಯ" ಎಂದೇ ಕರೆದ ತಳಿ ವಿಜ್ಞಾನಿ, ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಇಂಡಿಯಾದ ಮೊದಲಕ್ಷರಗಳು, ಆಫ್ರಿಕಾದ ಮೊದಲಕ್ಷರಗಳು, ಹೆಸರು ಮುಗಿಯಿತು. ಇಳುವರಿ ಏರಿತು, ಬಯಲುಸೀಮೆಯ ಹೊಲಗಳ ಚಹರೆ ಬದಲಾಯಿತು. ನೀವು ಮುಟ್ಟಲು ಹೆದರುತ್ತಿರುವ ಪರಂಪರೆ ನಿಮ್ಮ ಅಪ್ಪ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುವ ಕಾಲದಲ್ಲೇ ತಿದ್ದುಪಡಿಯಾಗಿದೆ. ತಿದ್ದಿದವರು ಚೀಟಿ ಅಂಟಿಸಲಿಲ್ಲ, ಪೈರು ನೆಟ್ಟರು.

ಚೀಟಿಗಳನ್ನು ಹಾಗೇ ಬಿಡಿ. ಫೋಟೊಗೆ ಬೇಕಾಗುತ್ತವೆ.

ಹಂತ 2: ಬಳಕೆದಾರರನ್ನು ಹುಡುಕುವುದು

ಅಜ್ಜಿಯನ್ನು ಆರಿಸಬೇಡಿ. ಎಲ್ಲ ತಂಡಗಳೂ ಅಜ್ಜಿಯನ್ನೇ ಆರಿಸುತ್ತವೆ. ಸುಕ್ಕುಗಟ್ಟಿದ ಕೈ, ಕಪ್ಪು-ಬಿಳುಪು ಫೋಟೊ, ಕೆಳಗೆ "ಅವಳ ಕೈರುಚಿ" ಎಂಬ ಸಾಲು. ಪಾಪ, ಅಜ್ಜಿಗೆ ಮಂಡಿನೋವು. ಆರಾಮಾಗಿ ಕೂತು ಟಿವಿ ನೋಡಲಿ.

ಬದಲಿಗೆ ಊಟದ ಹೊತ್ತಿಗೆ ಮುಂಚೆ ಯಾವುದಾದರೂ ಮಿಲಿಟರಿ ಹೋಟೆಲಿನ ಹಿಂಬಾಗಿಲಿಗೆ ಹೋಗಿ. ಅಲ್ಲಿ ಒಬ್ಬಾತ ದೊಡ್ಡ ಪಾತ್ರೆಯ ಮುಂದೆ ನಿಂತಿರುತ್ತಾನೆ. ನಮಸ್ಕಾರ ಹೇಳಿ. ನಿಮ್ಮ ಪ್ರಶ್ನಾವಳಿಯ ಮೊದಲ ಪ್ರಶ್ನೆ ಕೇಳಿ.

"ಅಣ್ಣಾ, ಮುದ್ದೆ ಮಾಡೋದ್ರಲ್ಲಿ ನಿಮ್ಮ ಪೇನ್ ಪಾಯಿಂಟ್ ಏನು?"

"ಪೇನಾ? ಇಲ್ಲಿ ಕಣಮ್ಮ" ಎಂದು ಆತ ಬಲಭುಜ ತೋರಿಸುತ್ತಾನೆ.

ನಿಮ್ಮ ಸಂಶೋಧನೆ ಇಲ್ಲಿಗೆ ಮುಗಿಯಬೇಕು. ಮುಗಿಯುವುದಿಲ್ಲ ಎಂಬುದು ಅನುಭವ. ಇನ್ನೂ ಹದಿನೆಂಟು ಪ್ರಶ್ನೆ ಬಾಕಿ ಇರುತ್ತವೆ, ಅವುಗಳಲ್ಲಿ ಒಂದು "ಮುದ್ದೆ ಒಂದು ಪ್ರಾಣಿಯಾಗಿದ್ದರೆ ಯಾವುದಾಗಿರುತ್ತಿತ್ತು?" ಎಂದಿರುತ್ತದೆ. ಎಸರು ಉಕ್ಕುತ್ತಿರುವಾಗ ಈ ಪ್ರಶ್ನೆ ಕೇಳಬೇಡಿ.

ಹಂತ 3: ಐಡಿಯಾಗಳು

ಈ ಹಂತದಲ್ಲಿ ಯಾವ ಐಡಿಯಾವನ್ನೂ ತಳ್ಳಿಹಾಕಬಾರದೆಂದು ನಿಮ್ಮ ಗೈಡ್ ಹೇಳುತ್ತಾರೆ. ಆದ್ದರಿಂದ ಮುದ್ದೆ ಕ್ಯಾಪ್ಸೂಲ್, ಮುದ್ದೆ ಟ್ಯೂಬ್, ಮುದ್ದೆ ಕ್ಯೂಬ್, 3ಡಿ ಪ್ರಿಂಟ್ ಮಾಡಿದ ಜಾಲರಿ ಮುದ್ದೆ, ಬಣ್ಣ ಬದಲಿಸಿ ಕ್ಯಾಲ್ಸಿಯಂ ತೋರಿಸುವ ಮುದ್ದೆ ಎಲ್ಲವೂ ಬರುತ್ತವೆ. ಬಾಹ್ಯಾಕಾಶವೂ ಬಂದೇ ಬರುತ್ತದೆ. ಹಾಗೆ ಬಂದಾಗ, ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ನಿಮಗಿಂತ ಮುಂಚೆ ಅಲ್ಲಿಗೆ ಹೋಗಿ ಬಂದಿದೆ ಎಂಬುದನ್ನು ನೆನಪಿಡಿ. 1984ರಲ್ಲಿ ರಾಕೇಶ್ ಶರ್ಮ ಕಕ್ಷೆಗೆ ಏರಿದಾಗ ಅವರ ಜೊತೆ ಹೋದ ಭಾರತದ ತಿನಿಸು ತಯಾರಾದದ್ದು ಮೈಸೂರಿನಲ್ಲೇ.

ಭವಿಷ್ಯದ ಆಹಾರ ಗೋಡೆಯ ಚೀಟಿಯಿಂದ ಹುಟ್ಟಿದ್ದನ್ನು ನಾನಂತೂ ಕಂಡಿಲ್ಲ. ಅದು ಅಭಾವದಿಂದ ಹುಟ್ಟುತ್ತದೆ. ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕಿ ಸಿಗದೇ ಹೋದಾಗ ರವೆಯಿಂದ ಇಡ್ಲಿ ಮಾಡಿದೆವು ಎಂದು ಎಂಟಿಆರ್ ಹೋಟೆಲಿನವರು ಹೇಳಿಕೊಳ್ಳುತ್ತಾರೆ. 1975ರ ತುರ್ತುಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗೆ ಸರ್ಕಾರ ಬೆಲೆ ಕಟ್ಟಿ ನಷ್ಟವಾದಾಗ ಅದೇ ಮನೆತನ ಪುಡಿ, ಮಿಕ್ಸ್‌ಗಳ ಕಡೆ ಹೊರಳಿತು. ಮುದ್ದೆಗೆ ಏನು ಅಭಾವ ಎಂದು ಕೇಳಿಕೊಳ್ಳಿ. ರಾಗಿಗೆ ಅಭಾವವಿಲ್ಲ, ದೇಶದಲ್ಲಿ ಅತಿ ಹೆಚ್ಚು ಬೆಳೆಯುವುದು ನಾವೇ. ಉಣ್ಣುವವರಿಗೂ ಅಭಾವವಿಲ್ಲ, ಮಂಡ್ಯ ಕಡೆ ನಾಟಿಕೋಳಿ ಸಾರಿನ ಜೊತೆ ಮುದ್ದೆ ನುಂಗುವ ಸ್ಪರ್ಧೆಗೆ ಜನ ಸಾಲುಗಟ್ಟುತ್ತಾರೆ. ಉತ್ತರಕ್ಕೆ ಮುಂದಿನ ಹಂತ ನೋಡಿ.

ಹಂತ 4: ಪ್ರೋಟೋಟೈಪ್

ಥರ್ಮೋಕೋಲ್, ಜೇಡಿಮಣ್ಣು, ರೆಸಿನ್ ಮುಟ್ಟಬೇಡಿ. ರಾಗಿ ಹಿಟ್ಟು ತನ್ನಿ. ಕ್ಯಾಂಟೀನಿನಿಂದ ದಪ್ಪ ತಳದ ಪಾತ್ರೆಯೊಂದನ್ನು ಸಾಲ ಪಡೆಯಿರಿ. ಕೋಲು ಬೇಕು, ಪಾತ್ರೆ ಅಲುಗದಂತೆ ಹಿಡಿಯಲು ಕವೆಗೋಲು ಬೇಕು. ಈಗ ಮದ್ದೂರಿನ ಹುಡುಗಿ ಮಾತಾಡುತ್ತಾಳೆ. ಉಳಿದವರು ಕೇಳಿಸಿಕೊಳ್ಳಿ.

ಒಂದು ಲೋಟ ಹಿಟ್ಟಿಗೆ ಸುಮಾರು ಎರಡು ಲೋಟ ನೀರು. ನೀರಿಗೆ ಒಂದು ಚಮಚ ಹಿಟ್ಟನ್ನು ಮೊದಲೇ ಕದಡಿ ಕುದಿಸಬೇಕು. ಎಸರು ಕೊತಕೊತ ಕುದಿಯುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಬೇಕು. ತಕ್ಷಣ ಕಲಕಬಾರದು. ಲೀಡರ್ ಕಲಕಲು ಹೋಗುತ್ತಾನೆ, ಕೈ ಹಿಡಿದುಕೊಳ್ಳಿ. ಗುಡ್ಡೆಯ ನಡುವೆ ಕೋಲಿನಿಂದ ಒಂದು ತೂತು ಮಾಡಿದರೆ ನೀರು ಅದರೊಳಗಿಂದ ಉಕ್ಕಿ ಬಂದು ಹಿಟ್ಟನ್ನು ಬೇಯಿಸುತ್ತದೆ. ಉರಿ ತಗ್ಗಿಸಿ ಕಾಯಬೇಕು. ರಾಗಿಯಲ್ಲಿ ಗೋಧಿಯ ಹಾಗೆ ಹಿಡಿದು ನಿಲ್ಲಿಸುವ ಅಂಟಿಲ್ಲ. ಪಿಷ್ಟ ಬಿಸಿನೀರು ಕುಡಿದು ಉಬ್ಬಿ ಬೆಂದಾಗಲೇ ಅದು ಒಂದಾಗುವುದು. ಅರೆಬೆಂದರೆ ಹಲ್ಲಿಗೆ ಅಂಟುತ್ತದೆ, ಹೊಟ್ಟೆ ನೋಯುತ್ತದೆ, ಜ್ಯೂರಿ ಮುನಿಯುತ್ತಾರೆ.

ಬೆಂದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಕವೆಗೋಲಿನಿಂದ ಒತ್ತಿಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು ತಿರುವಬೇಕು. ಇಲ್ಲಿಯವರೆಗೆ ಎಲ್ಲವೂ ಅಡುಗೆ. ಇಲ್ಲಿಂದ ಮುಂದೆ ಕೂಲಿ. ಹಿಟ್ಟು ಕೋಲನ್ನು ಬಿಡುವುದಿಲ್ಲ. ಅರ್ಧ ಸುತ್ತಿಗೇ ಹೆಬ್ಬೆರಳಿನವನು ಫೋನ್ ಬಂತೆಂದು ಹೊರಗೆ ಹೋಗುತ್ತಾನೆ. ಗಂಟು ಕಂಡರೆ ಪಾತ್ರೆಯ ಅಂಚಿಗೆ ಒತ್ತಿ ಒಡೆಯಬೇಕು, ಮತ್ತೆ ತಿರುವಬೇಕು. ಆಮೇಲೆ ನೀರು ಸವರಿದ ಹಲಗೆಗೆ ಹಾಕಿ, ಕೈ ಒದ್ದೆ ಮಾಡಿಕೊಂಡು, ಸುಡುತ್ತಿರುವಾಗಲೇ ಕಟ್ಟಬೇಕು. ಆರಿದರೆ ಬಿರುಕು ಬಿಡುತ್ತದೆ. ಮದ್ದೂರಿನ ಹುಡುಗಿ ಎರಡು ಅಂಗೈಗಳ ನಡುವೆ ಅದನ್ನು ಹೊರಳಿಸಿ ತಟ್ಟೆಗಿಡುವಷ್ಟರಲ್ಲಿ ರೆಂಡರ್ ಮಾಡುವವಳು ಫೋಟೊ ತೆಗೆಯಲು ಮರೆತಿರುತ್ತಾಳೆ.

ಈಗ ಅಭಾವ ಯಾವುದೆಂದು ಗೊತ್ತಾಯಿತಲ್ಲ. ನಗರದ ಎಷ್ಟೋ ಮನೆಗಳಲ್ಲಿ ಮುದ್ದೆ ನಿಂತದ್ದು ರುಚಿ ಕೆಟ್ಟು ಅಲ್ಲ, ತಿರುವುವ ತೋಳು ಸೋತು. ಹೋಟೆಲಿನಲ್ಲಿ ಆ ತೋಳಿಗೆ ಸಂಬಳವಿದೆ. ಮನೆಯಲ್ಲಿ ಹೆಂಗಸರ ತೋಳಿಗೆ ಇಲ್ಲ. ಅಡುಗೆ ಮುಗಿಸಿ, ಕೆಲಸಕ್ಕೆ ಹೋಗಿ, ಬಸ್ಸಿನಲ್ಲಿ ನೇತಾಡಿ ಬಂದು ಮತ್ತೆ ಕೋಲು ಹಿಡಿ ಎಂದರೆ ಯಾರಿಗೆ ಆದೀತು? ಹಾಸ್ಟೆಲು, ಛತ್ರಗಳ ಅಡುಗೆಮನೆಗೆ ಮುದ್ದೆ ತಿರುವುವ ವಿದ್ಯುತ್ ಯಂತ್ರಗಳು ಬಂದಾಗಿದೆ. ನಿಮ್ಮ ವಾಚನಾಲಯದ ಹೊಳಪು ಪುಸ್ತಕಗಳಲ್ಲಿ ಅವುಗಳ ಚಿತ್ರ ಹುಡುಕಬೇಡಿ. ನಾಲ್ಕು ಜನರ ಮನೆಗೆ ಹೊಂದುವ, ಸುಲಭವಾಗಿ ತೊಳೆಯಬಹುದಾದ, ಮಿಕ್ಸಿಯ ಬೆಲೆಗೆ ಸಿಗುವ ಒಂದು ಸಾಧನ ಬೇಕು. ಕವೆಗೋಲಿಗೆ ಒಳ್ಳೆಯ ಹಿಡಿ ಮಾಡಿಕೊಟ್ಟರೂ ಆದೀತು. ಉಣ್ಣುವವರಿಗಾಗಿ ಡಿಸೈನ್ ಮಾಡುವುದನ್ನು ನಿಲ್ಲಿಸಿ, ಅವರು ಸುಖವಾಗಿದ್ದಾರೆ.

ಹಂತ 5: ಬಾಳಿಕೆ ಪರೀಕ್ಷೆ

ಬೇಕಿಲ್ಲ. ಹದಿನಾರನೆಯ ಶತಮಾನದಲ್ಲೇ ಕನಕದಾಸರು ತಮ್ಮ ರಾಮಧಾನ್ಯ ಚರಿತೆಯಲ್ಲಿ ಅದನ್ನು ನಡೆಸಿದ್ದಾರೆ. ಭತ್ತ ಹೆಚ್ಚೋ ರಾಗಿ ಹೆಚ್ಚೋ ಎಂಬ ಜಗಳಕ್ಕೆ ರಾಮ ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸುತ್ತಾನೆ. ಹೊರತೆಗೆದಾಗ ಭತ್ತ ಸೊರಗಿತ್ತು, ರಾಗಿ ಗಟ್ಟಿಯಾಗಿತ್ತು. ಬಯಲುಸೀಮೆಯ ರೈತರು ಇದನ್ನೇ ಹಗೇವಿನಲ್ಲಿ ವರ್ಷಗಟ್ಟಲೆ ಮಾಡಿ ನೋಡಿದ್ದಾರೆ. ಕಾಳು ಸಣ್ಣದು, ಹುಳ ಹಿಡಿಯುವುದು ಕಡಿಮೆ. ಪ್ಯಾಕೆಟ್ಟಿನ ಮೇಲೆ "ಆರು ತಿಂಗಳೊಳಗೆ ಬಳಸಿ" ಎಂದು ಬರೆಯಬೇಡಿ, ಕನಕದಾಸರಿಗೆ ಅವಮಾನ.

ಮಾಡಿದ ಮುದ್ದೆಯ ಬಾಳಿಕೆ ಬೇರೆ ಮಾತು. ರಾತ್ರಿಯದು ಬೆಳಿಗ್ಗೆಗೆ ಗಡುಸಾಗುತ್ತದೆ. ಅದನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು, ಈರುಳ್ಳಿ ಹಾಕಿ ಕುಡಿಯುತ್ತಾರೆ. ನಿಮ್ಮ ವರದಿಯಲ್ಲಿ ಇದಕ್ಕೆ "ಶೂನ್ಯ ತ್ಯಾಜ್ಯ ವ್ಯವಸ್ಥೆ" ಎಂದು ಹೆಸರಿಡಬಹುದು, ಅಂಕ ಸಿಗುತ್ತದೆ.

ಬೆಲೆ ನಿಗದಿ

2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ರಾಗಿಯ ಚಿತ್ರವಿರುವ ಪೊಟ್ಟಣಗಳ ಬೆಲೆ ಮಾಲ್‌ಗಳಲ್ಲಿ ಏರಿತು. ನಿಮ್ಮ ತಂಡವೂ ಕಂದು ಕಾಗದದ ಪೆಟ್ಟಿಗೆ, ದಾರದ ಗಂಟು ಹಾಕಿ, 60 ಗ್ರಾಂಗೆ 249 ರೂಪಾಯಿ ಎಂದು ಬರೆಯಲಿದೆ. ಬರೆಯುವ ಮೊದಲು ಒಂದು ಲೆಕ್ಕ: 2025-26ಕ್ಕೆ ಕೇಂದ್ರ ಸರ್ಕಾರ ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಅಂದರೆ ಕಿಲೋಗೆ 49 ರೂಪಾಯಿಗಿಂತ ತುಸು ಕಡಿಮೆ. ನಿಮ್ಮ ಪೆಟ್ಟಿಗೆಯೊಳಗಿನ ರಾಗಿಗೆ ಬೆಳೆದವನ ಪಾಲು ಮೂರು ರೂಪಾಯಿ. ಮಿಕ್ಕದ್ದು ದಾರಕ್ಕೆ.

ತೊಂದರೆಗಳು ಮತ್ತು ಪರಿಹಾರ

ಜ್ಯೂರಿ "ಇದರಲ್ಲಿ ಹೊಸದೇನು?" ಎಂದು ಕೇಳಿದರೆ: ಕೋಲಿನ ಹಿಡಿ ತೋರಿಸಿ.

"ಇದನ್ನು ಜಗಿಯುವುದು ಹೇಗೆ?" ಎಂದು ಕೇಳಿದರೆ: ಜಗಿಯುವುದಿಲ್ಲ ಸಾರ್, ಸಾರಿನಲ್ಲಿ ಅದ್ದಿ ನುಂಗುವುದು ಎಂದು ಮದ್ದೂರಿನ ಹುಡುಗಿಯಿಂದ ಹೇಳಿಸಿ.

"ಪೌಷ್ಟಿಕಾಂಶ?" ಎಂದರೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ ಎನ್ನಿ. ಬಣ್ಣ ಬದಲಿಸುವ ಅಗತ್ಯವಿಲ್ಲ.

ಮುದ್ದೆ ಉಣ್ಣದವನು ಕೊನೇ ಗಳಿಗೆಯಲ್ಲಿ ಕ್ಯಾಪ್ಸೂಲಿನ ಸ್ಲೈಡ್ ಸೇರಿಸಿದ್ದರೆ: ಅಳಿಸಿ. ಅವನಿಗೆ ಒಂದು ಮುದ್ದೆ, ಸೊಪ್ಪಿನ ಸಾರು ಹಾಕಿ ಕೂರಿಸಿ.

ಪ್ರದರ್ಶನದ ದಿನ

ಸ್ಲೈಡ್‌ಗಳನ್ನು ಕಡಿಮೆ ಮಾಡಿ. ಪಾತ್ರೆಯನ್ನು ಜ್ಯೂರಿಯ ಮುಂದೆಯೇ ಇಳಿಸಿ, ಕೋಲನ್ನು ಅವರ ಕೈಗೇ ಕೊಡಿ. ಒಬ್ಬೊಬ್ಬರೂ ಒಂದೊಂದು ನಿಮಿಷ ತಿರುವಲಿ. ಆಮೇಲೆ ನಿಮ್ಮ ಸಾಧನದಲ್ಲಿ ತಿರುವಲಿ. ಎರಡಕ್ಕೂ ವ್ಯತ್ಯಾಸವಿಲ್ಲವೆಂದರೆ ನೀವು ಪಾಸಾಗಬಾರದು.

ಪ್ರದರ್ಶನ ಮುಗಿದ ಕೂಡಲೇ ಪಾತ್ರೆಗೆ ನೀರು ತುಂಬಿಸಿಡಿ. ತಳಕ್ಕೆ ಹಿಡಿದ ಹಿಟ್ಟು ಒಣಗಿದರೆ ಉಜ್ಜುವುದು ಕಷ್ಟ. ಕ್ಯಾಂಟೀನಿನವರಿಗೆ ಸಂಜೆ ಅಡುಗೆಗೆ ಅದೇ ಪಾತ್ರೆ ಬೇಕು. ತೊಳೆಯುವ ಕೆಲಸವನ್ನು ತಂಡದ ಹುಡುಗರು ಮಾಡಲಿ.