ಪೇಪರ್ ಲೋಟದ ಮರ್ಯಾದೆ

ನಮ್ಮ ಸೊರಬದ ಕ್ಯಾಸನೂರಿಗೆ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಕಾಯಂ ಜಾಗವಿದೆ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸೌದೆ, ಸೊಪ್ಪಿಗೆ ಹೋದವರು ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ರೋಗಾಣು ಹಿಡಿದರು, ಅದಕ್ಕೆ ಊರಿನ ಹೆಸರಿಟ್ಟರು. ನಾವು ಮಂಗನ ಕಾಯಿಲೆ ಎಂದೆವು. ಕಚ್ಚಿದ್ದು ಉಣುಗು, ಹೆಸರು ಕೆಟ್ಟದ್ದು ಮಂಗನದ್ದು ಮತ್ತು ಊರಿನದ್ದು.

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹೊಸ ರೋಗಗಳಿಗೆ ಊರು, ಜನ, ಪ್ರಾಣಿಗಳ ಹೆಸರು ಬೇಡ ಎಂದಿತು. 2022ರಲ್ಲಿ ‘ಮಂಕಿಪಾಕ್ಸ್’ ಜನಾಂಗ ನಿಂದನೆಗೆ ದಾರಿಯಾಗುತ್ತಿದೆ ಎಂದು ‘ಎಂಪಾಕ್ಸ್’ ಮಾಡಿತು. ಜಿನೀವಾದವರು ಈಗ ಕಲಿತ ವಿದ್ಯೆ ನಮಗೆ ಹಳತು. ಕೇರಿಯನ್ನು ಎಂದೋ ಕಾಲೊನಿ ಮಾಡಿದ್ದೇವೆ. ಕಾಲೊನಿಯೂ ಬೈಗುಳದಂತೆ ಕೇಳಿಸತೊಡಗಿ, 2024ರಲ್ಲಿ ಕೇರಳ ಸರ್ಕಾರ ಆ ಪದವನ್ನೇ ತೆಗೆದು ‘ನಗರ’ ಎನ್ನಿ ಎಂದಿತು. ‘ಹರಿಜನ’ ಬೇಡವೆಂದು ಕೇಂದ್ರ 1982ರಲ್ಲಿ ರಾಜ್ಯಗಳಿಗೆ ಬರೆಯಿತು. 2018ರಲ್ಲಿ ಟೀವಿಯವರಿಗೆ ‘ದಲಿತ’ವೂ ಬೇಡ, ‘ಪರಿಶಿಷ್ಟ ಜಾತಿ’ ಎನ್ನಿ ಎಂದಿತು. ನಮ್ಮ ಕಡೆ ಇಷ್ಟೆಲ್ಲ ರಗಳೆಯಿಲ್ಲ. ‘ಅವರ ಪೈಕಿ’ ಎಂದರೆ ಮುಗಿಯಿತು. ಹಾಗನ್ನುವಾಗ ಧ್ವನಿ ಅರ್ಧ ಇಳಿಯುತ್ತದೆ, ಕಣ್ಣು ಒಮ್ಮೆ ಹೊರಬಾಗಿಲಿಗೆ ಹೋಗಿ ಬರುತ್ತದೆ. ವ್ಯಾಕರಣದಲ್ಲಿ ಇದನ್ನು ಬಹುವಚನ ಎನ್ನುತ್ತಾರೆ, ಗೌರವಕ್ಕೂ ಬಳಸುತ್ತಾರಂತೆ.

ರೋಗಕ್ಕೆ ಹೆಸರು ಕೊಟ್ಟ ಇನ್ನೊಂದು ಊರು ಪಕ್ಕದ ಸಾಗರದ ಹಂದಿಗೋಡು. 1970ರ ದಶಕದಲ್ಲಿ ಅಲ್ಲಿ ಜನರ ಸೊಂಟ, ಮಂಡಿ ಸವೆದು ನಡೆಯುವುದೇ ಕಷ್ಟವಾಯಿತು. ನರಳಿದವರು ಬಹುಪಾಲು ಚಲವಾದಿ, ಚನ್ನಂಗಿ ಕುಟುಂಬಗಳವರು. ಗದ್ದೆಯ ಏಡಿ ತಿಂದದ್ದರಿಂದ ಹೀಗಾಯಿತು ಎಂಬ ಮಾತು ಹಬ್ಬಿತು. ಏಡಿಯೊಳಗೆ ಕೀಟನಾಶಕವಿತ್ತಂತೆ. ಆ ಗದ್ದೆಗೆ ಔಷಧಿ ಹೊಡೆಸಿದ್ದು ಯಾರು ಎಂದು ಮಾತ್ರ ಏಡಿಯನ್ನೂ ಕೇಳಲಿಲ್ಲ, ಗದ್ದೆಯ ಯಜಮಾನರನ್ನೂ ಕೇಳಲಿಲ್ಲ. ಇದು ವಂಶವಾಹಿಯಲ್ಲಿ ಬಂದ ದೋಷ ಎಂದು ಆಮೇಲೆ ಸಂಶೋಧಕರು ಹೇಳಿದರು. ಏಡಿಗೆ ಇನ್ನೂ ಬಿಡುಗಡೆಯಾಗಿಲ್ಲ. ‘ಅವರ ಊಟಾನೇ ಹಾಗೆ, ಪಾಪ’ ಎನ್ನುವವರು ಈಗಲೂ ಸಿಗುತ್ತಾರೆ. ಆ ‘ಪಾಪ’ದಲ್ಲಿ ಎಂಥಾ ಸಭ್ಯತೆ ನೋಡಿ!

ದೊಡ್ಡವರ ಸಭ್ಯತೆ ಇನ್ನೂ ದೊಡ್ಡದು. 2001ರಲ್ಲಿ ಡರ್ಬನ್ನಿನ ವರ್ಣಭೇದ ವಿರೋಧಿ ಸಮ್ಮೇಳನದಲ್ಲಿ ನಮ್ಮ ಸರ್ಕಾರ, ಜಾತಿ ಎಂಬುದು ಜನಾಂಗವಲ್ಲ, ಅದರ ಚರ್ಚೆ ಇಲ್ಲಿ ಬೇಡ ಎಂದು ವಾದಿಸಿತು. ಸರಿ, ಜನಾಂಗವೇ ಎದುರಿಗೆ ಬಂದಾಗ ಏನಾಯಿತು? 2016ರ ಜನವರಿಯ ಕೊನೆಯಲ್ಲಿ ಬೆಂಗಳೂರಿನಲ್ಲಿ ಸುಡಾನಿನವನೊಬ್ಬನ ಕಾರು ಮಹಿಳೆಯೊಬ್ಬರ ಪ್ರಾಣ ತೆಗೆಯಿತು. ಸುಮಾರು ಅರ್ಧ ಗಂಟೆ ಬಿಟ್ಟು ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಮುಗಿಬಿತ್ತು. ಇದು ಜನಾಂಗೀಯ ದಾಳಿಯಲ್ಲ, ಅಪಘಾತಕ್ಕೆ ಬಂದ ಪ್ರತಿಕ್ರಿಯೆ ಎಂದರು ಅಂದಿನ ಗೃಹ ಸಚಿವರು. ಆ ಕಾರಿಗೂ ಈ ಹುಡುಗಿಗೂ ಇದ್ದ ಸಂಬಂಧ ಮೈಬಣ್ಣದ್ದಷ್ಟೇ.

ಮೊನ್ನೆ ಅಡಿಕೆ ಕೊಯ್ಲಿನ ಹೊತ್ತಿಗೆ ಗೆಳೆಯರೊಬ್ಬರ ಮನೆಗೆ ಹೋಗಿದ್ದೆ. ಜಾತಿ ವಿನಾಶದ ಬಗ್ಗೆ ಭಾಷಣಕ್ಕೆ ಅವರನ್ನು ಕರೆಯುತ್ತಾರೆ, ಚೆನ್ನಾಗಿಯೇ ಮಾತಾಡುತ್ತಾರೆ. ಜಗಲಿಯಲ್ಲಿ ನಮಗೆ ಸ್ಟೀಲ್ ಲೋಟದಲ್ಲಿ ಚಾ ಬಂತು. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದವರಿಗೆ ಪೇಪರ್ ಲೋಟ. ನಾನು ನೋಡಿದ್ದನ್ನು ಅವರು ನೋಡಿದರು.

“ಕೊರೊನಾ ಬಂದ ಮೇಲೆ ಹೀಗೇ ಮಾರಾಯ್ರೆ. ಹೈಜೀನು.”

ಕೊರೊನಾ ಜಗಲಿ ಹತ್ತುವುದಿಲ್ಲ ಎಂದು ನನಗೆ ಗೊತ್ತಾದದ್ದು ಅವತ್ತೇ. ನಾನೂ ಸ್ಟೀಲ್ ಲೋಟ ಕೆಳಗಿಡಲಿಲ್ಲ, ಬಿಡಿ. ಹಿಂದೆ ಆ ಮನೆಯ ಹೊರಗೋಡೆಯ ಗೂಡಿನಲ್ಲಿ ತೆಂಗಿನ ಚಿಪ್ಪುಗಳಿರುತ್ತಿದ್ದವು. ಕುಡಿದವರೇ ತೊಳೆದು ಬೋರಲು ಹಾಕಬೇಕಿತ್ತು. ಈಗ ಚಿಪ್ಪೂ ಇಲ್ಲ, ತೊಳೆಸುವ ಕಟ್ಟಳೆಯೂ ಇಲ್ಲ. ಸುಧಾರಣೆ ಎಂದರೆ ಇದೇ.

ಕೆಲಸದವರಲ್ಲಿ ವಯಸ್ಸಾದವನೊಬ್ಬ ಚಾ ಮುಗಿಸಿ ಎದ್ದ. ನಲ್ಲಿಯ ಹತ್ತಿರ ಹೋಗಿ ಪೇಪರ್ ಲೋಟವನ್ನು ಎರಡು ಸಲ ತೊಳೆದ. ಆ ಗೂಡಿಗೆ ಕೈ ಹಾಕಿ ಬೋರಲಿಟ್ಟ.

“ಅಯ್ಯೋ, ಅದು ತೊಳೆಯೋದಲ್ಲ ಮಾರಾಯಾ, ಬಿಸಾಡೋದು!” ಎಂದು ಗೆಳೆಯರು ನಕ್ಕರು.

ಅವನೂ ನಕ್ಕ. ಲೋಟ ತೆಗೆಯಲಿಲ್ಲ.