ಸೂಪಾಯಿತು, ಊಟ ಯಾವಾಗ?

ಆಲೂಗಡ್ಡೆಯನ್ನು ತಿನ್ನಲು ನಮ್ಮವರದ್ದು ಯಾವ ತಕರಾರೂ ಇಲ್ಲ. ಮಸಾಲೆದೋಸೆಯ ಮಡಿಕೆಯಲ್ಲಿ ಅಡಗಿರಲಿ, ಬೋಂಡಾದೊಳಗೆ ಕೂತಿರಲಿ, ಪೂರಿಯ ಪಕ್ಕ ಸಾಗುವಾಗಿ ಬರಲಿ, ಸಂತೋಷವೇ. ಅದನ್ನು ಕುಡಿಯಿರಿ ಎಂದಾಗ ಮಾತ್ರ ಅನುಮಾನ ಶುರು. ಬೆಳ್ಳಗೆ, ಖಾರವಿಲ್ಲದೆ, ಚಮಚೆಯ ಜೊತೆ ಬಟ್ಟಲಲ್ಲಿ ಬಂದದ್ದು ನಮ್ಮಲ್ಲಿ ಗಂಜಿ. ಗಂಜಿ ಎಂದರೆ ಯಾರಿಗೋ ಜ್ವರ. ಮಳೆಗಾಲದ ಸಂಜೆ ನಾನು ಆಲೂಗಡ್ಡೆ ಸೂಪು ಮಾಡಿದಾಗಲೆಲ್ಲ ನಮ್ಮ ಅತ್ತೆಯವರು ಮೊದಲು ನನ್ನ ಹಣೆ ಮುಟ್ಟಿ ನೋಡುತ್ತಿದ್ದರು. ಆಮೇಲೆ ಎರಡು ಚಮಚೆ ಕುಡಿದು, ‘ಸೂಪಾಯ್ತಲ್ಲ, ಊಟ ಯಾವಾಗಮ್ಮ?’ ಎನ್ನುತ್ತಿದ್ದರು.

ಅವರನ್ನು ದೂರಿ ಫಲವಿಲ್ಲ. ಈ ಸೂಪಿನ ತವರಾದ ಫ್ರಾನ್ಸಿನಲ್ಲೇ ಒಂದು ಕಾಲಕ್ಕೆ ಆಲೂಗಡ್ಡೆ ತಿಂದರೆ ಕುಷ್ಠ ಬರುತ್ತದೆಂಬ ಭಯವಿತ್ತು. 1748ರಲ್ಲಿ ಅದನ್ನು ಬೆಳೆಯುವುದಕ್ಕೇ ನಿಷೇಧ ಹಾಕಿದ್ದರು. ಪಾರ್ಮೆಂತಿಯೇ ಎಂಬ ಔಷಧಿ ಪಂಡಿತ ಯುದ್ಧದಲ್ಲಿ ಪ್ರಷ್ಯದವರ ಕೈಗೆ ಸೆರೆ ಸಿಕ್ಕ. ಅಲ್ಲಿ ತಿನ್ನಲು ಕೊಟ್ಟದ್ದು ಆಲೂಗಡ್ಡೆ. ತಿಂದ, ಏನೂ ಆಗಲಿಲ್ಲ. ಊರಿಗೆ ಬಂದವನು ಉಳಿದ ಆಯುಷ್ಯವನ್ನೆಲ್ಲ ಅದರ ವಕಾಲತ್ತಿಗೇ ಕಳೆದ. 1772ರಲ್ಲಿ ಪ್ಯಾರಿಸ್ಸಿನ ವೈದ್ಯರು ‘ತಿನ್ನಬಹುದು’ ಎಂದು ಒಪ್ಪಿದರು. ಇವತ್ತು ಅಲ್ಲಿ ಆಲೂಗಡ್ಡೆ ಸೂಪಿಗೆ ಅವನದೇ ಹೆಸರು. ಅವನ ಸಮಾಧಿಯ ಮೇಲೆ ಜನ ಹೂವಿನ ಜೊತೆ ಆಲೂಗಡ್ಡೆಯನ್ನೂ ಇಟ್ಟು ಬರುತ್ತಾರೆ. ಸೆರೆಮನೆಯ ಊಟವನ್ನು ಇಷ್ಟು ಪ್ರೀತಿಯಿಂದ ನೆನೆದವರು ಬೇರೆ ಯಾರಿದ್ದಾರೋ! ಫ್ರಾನ್ಸಿನವನೇ ಆದ ಲೂಯಿ ದಿಯಾ ಎಂಬ ಬಾಣಸಿಗ 1917ರ ಸುಮಾರಿಗೆ ನ್ಯೂಯಾರ್ಕಿನ ದೊಡ್ಡ ಹೋಟೆಲಿನಲ್ಲಿ ಇದೇ ಸೂಪನ್ನು ತಣ್ಣಗೆ ಮಾಡಿ ಬಡಿಸಿ ಹೆಸರಾದ. ಆ ಸಾಹಸ ನಮ್ಮ ಮನೆಯಲ್ಲಿ ಬೇಡ. ಆರಿದ್ದನ್ನು ಬಡಿಸಿದರೆ ಇಲ್ಲಿ ಹೆಸರು ಕೆಡುತ್ತದೆ.

ಮಾಡುವುದು ಬ್ರಹ್ಮವಿದ್ಯೆಯೇನಲ್ಲ. ಫ್ರೆಂಚರು ಹಾಕುವ ಲೀಕ್ ನಮ್ಮ ಸಂತೆಯಲ್ಲಿ ಸಿಗುವುದು ಅಪರೂಪ. ಈರುಳ್ಳಿ ಹೂವಿನ ಬಿಳಿ ಭಾಗ ಸಾಕು. ಅದನ್ನೂ ಎರಡು ಎಸಳು ಬೆಳ್ಳುಳ್ಳಿಯನ್ನೂ ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಬೇಕು. ಕೆಂಪಗಾಗಬಾರದು. ಪಲ್ಯಕ್ಕೆ ಹುರಿದು ಹುರಿದು ಪಳಗಿದ ಕೈಗೆ ಕಷ್ಟವೆಂದರೆ ಇದೊಂದೇ. ಆಮೇಲೆ ಹೆಚ್ಚಿದ ಆಲೂಗಡ್ಡೆ, ಉಪ್ಪು, ಮುಳುಗುವಷ್ಟು ನೀರು. ಹೋಳು ಚಮಚೆ ತಾಗಿದರೆ ಕುಸಿಯುವಂತಿರಬೇಕು.

ಇಲ್ಲಿ ಮಿಕ್ಸಿಯ ಕಡೆ ನೋಡಕೂಡದು. ಬೆಂದ ಆಲೂಗಡ್ಡೆಯಲ್ಲಿ ಪಿಷ್ಟ ಉಬ್ಬಿಕೊಂಡಿರುತ್ತದೆ. ಬ್ಲೇಡು ರಭಸಕ್ಕೆ ಅದನ್ನು ಸೀಳಿ ಹೊರಗೆಳೆದರೆ ಜಾರಿನಲ್ಲಿ ಉಳಿಯುವುದು ಎಳೆಎಳೆಯಾದ ಅಂಟು. ಅದರಲ್ಲಿ ಮದುವೆಯ ಕರೆಯೋಲೆಯ ಲಕೋಟೆ ಅಂಟಿಸಬಹುದು, ಕುಡಿಯಲಾಗದು. ಇದಕ್ಕೆ ತಕ್ಕದ್ದು ಸೊಪ್ಪು ಮಸೆಯುವ ಕಡಗೋಲು. ಅದು ಹೋಳನ್ನು ಒತ್ತಿ ಬಿಡಿಸುತ್ತದೆ, ಹಿಂಸಿಸುವುದಿಲ್ಲ. ನಮ್ಮ ಅತ್ತೆಯವರ ಮನಸ್ಸು ಕರಗಿದ್ದೂ ಇಲ್ಲಿಯೇ. ಪರದೇಶದ ಸೂಪಿಗೆ ತಮ್ಮ ಮಸ್ಸೊಪ್ಪಿನ ಕಡಗೋಲು ಬೇಕಾಯಿತೆಂದು ತಿಳಿದ ಮೇಲೆ ಅದನ್ನು ನನ್ನ ಕೈಗೆ ಕೊಡುವುದನ್ನೇ ಬಿಟ್ಟರು. ತಾವೇ ಒಲೆಯ ಮುಂದೆ ನಿಂತು ಮಸೆಯುತ್ತಾರೆ. ‘ಗಂಟು ಉಳಿದಿದೆ ನೋಡು’ ಎಂದು ನನಗೇ ತೋರಿಸುತ್ತಾರೆ.

ನಿಜವಾದ ಜಗಳ ಕೆನೆಯದ್ದು. ಕೊನೆಗೆ ಬಿಸಿ ಹಾಲೂ ಒಂದು ಸೌಟು ಕೆನೆಯೂ ಬೀಳದೆ ಈ ಸೂಪಿಗೆ ಮೈ ಬರುವುದಿಲ್ಲ. ಫ್ರಿಜ್ಜಿನ ಡಬ್ಬಿಯಲ್ಲಿ ವಾರದ ಕೆನೆ ಕೂಡಿಟ್ಟಿರುತ್ತಾರೆ, ಆದರೆ ಅದು ತುಪ್ಪಕ್ಕೆ ಮೀಸಲು. ಅದರ ಮಟ್ಟ ಅತ್ತೆಯವರಿಗೆ ಬ್ಯಾಂಕಿನ ಪಾಸ್‌ಬುಕ್ಕಿನಷ್ಟೇ ಬಾಯಿಪಾಠ. ಹೀಗಾಗಿ ಒಪ್ಪಂದವಾಗಿದೆ: ಕೆನೆ ನನಗೆ, ಒಗ್ಗರಣೆ ಅವರಿಗೆ. ಉರಿ ತಗ್ಗಿಸಿ, ಕುದಿ ಬರದಂತೆ ನಾನು ಕೆನೆ ಬೆರೆಸಿದರೆ, ಅವರು ತುಪ್ಪಕ್ಕೆ ಜೀರಿಗೆ, ಕುಟ್ಟಿದ ಮೆಣಸು ಹಾಕಿ ಚುಂಯ್ ಎನ್ನಿಸಿ ಮೇಲೆ ಸುರಿಯುತ್ತಾರೆ. ಪಾರ್ಮೆಂತಿಯೇ ಇದ್ದಿದ್ದರೆ ಬೇಡವೆನ್ನುತ್ತಿರಲಿಲ್ಲ.

ಈಗ ನಮ್ಮಲ್ಲಿ ಸೂಪು ಊಟಕ್ಕೆ ಮೊದಲು ಬರುವುದಿಲ್ಲ, ಊಟವಾಗಿಯೇ ಬರುತ್ತದೆ. ಅತ್ತೆಯವರು ಬಿಸಿ ಅನ್ನದ ನಡುವೆ ಗುಂಡಿ ಮಾಡಿ ಎರಡು ಸೌಟು ಹುಯ್ದುಕೊಂಡು ಕಲಸುತ್ತಾರೆ. ‘ಚೆನ್ನಾಗಿದೆ. ಒಂಚೂರು ಹುಣಸೆರಸ ಬಿಟ್ಟಿದ್ದರೆ ಸಾರೇ ಆಗ್ತಿತ್ತು’ ಎನ್ನುತ್ತಾರೆ. ಹುಳಿ ಬಿದ್ದರೆ ಹಾಲು ಒಡೆಯುತ್ತದೆ. ಅದಕ್ಕೇ ಸೂಪಿನ ದಿನ ಹುಣಸೆಹಣ್ಣಿನ ಡಬ್ಬವನ್ನು ಅವರ ಕೈಗೆಟುಕದ ಅಟ್ಟಕ್ಕೆ ಏರಿಸಿರುತ್ತೇನೆ. ನಿಂಬೆಹಣ್ಣು ಎಲ್ಲಿದೆಯೆಂದು ಅವರಿಗೆ ಗೊತ್ತಿದೆ.