ಜೂನ್ ಒಂದರ ಸಂತಾನ: ಬಳ್ಳಾರಿ ಸೀಮೆಯ ಸಹಜನ್ಮ ಮೀಮಾಂಸೆ

ಒಂದೇ ದಿನ ಹುಟ್ಟಿದ ಮಹನೀಯರ ಪಟ್ಟಿ ಮಾಡುವ ವಿದ್ವಾಂಸರು ಬಳ್ಳಾರಿಯ ಸರ್ಕಾರಿ ಕಚೇರಿಗಳ ಸೇವಾ ಪುಸ್ತಕಗಳನ್ನು ತಿರುವಿ ಹಾಕದಿರುವುದು ಶಾಸ್ತ್ರಕ್ಕೆ ಆದ ದೊಡ್ಡ ನಷ್ಟ. ಗಣಿತದ ಲೆಕ್ಕದಲ್ಲಿ 23 ಜನ ಒಂದೆಡೆ ಸೇರಿದರೆ, ಅವರಲ್ಲಿ ಇಬ್ಬರಾದರೂ ಒಂದೇ ದಿನ ಹುಟ್ಟಿರುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚು. ಸಿರುಗುಪ್ಪ ಬಸ್‌ಸ್ಟ್ಯಾಂಡಿನಲ್ಲಿ ಅಷ್ಟು ಜನ ಬೇಕಿಲ್ಲ. ಐವತ್ತು ದಾಟಿದ ಇಬ್ಬರು ಚಹಾಕ್ಕೆ ನಿಂತರೆ ಸಾಕು. ಇಬ್ಬರದೂ ಜೂನ್ 1.

ಮಕ್ಕಳನ್ನು ಹೆರುವವಳು ತಾಯಿ ಎಂಬುದು ಪೂರ್ವಪಕ್ಷ. ಹೆರುವವರು ಹೆಡ್‌ಮಾಸ್ತರರು ಎಂಬುದು ನಮ್ಮ ಸಿದ್ಧಾಂತ. ಜೂನ್‌ನಲ್ಲಿ ಶಾಲೆ ಶುರುವಾಗುತ್ತಿತ್ತು. ಹುಡುಗನ ಬಲಗೈ ತಲೆಯ ಮೇಲಿಂದ ಹಾಯ್ದು ಎಡಗಿವಿ ಮುಟ್ಟಿತೆಂದರೆ ವಯಸ್ಸು ಸಾಬೀತು. ಉಳಿದದ್ದು ತಾರೀಖು.

"ಯಾವಾಗ ಹುಟ್ಟ್ಯಾನಮ್ಮ?"

"ಹಗರಿ ತುಂಬಿ ಬಂದಿತ್ತಲ್ರೀ ಸಾರ್, ಅದರ ಮರುವರ್ಷ. ನೆಲ್ಲು ನಾಟಿ ನಡೆದಿತ್ತು. ಮಂಗಳವಾರ, ಕೋಳಿ ಕೂಗೋ ಹೊತ್ತು."

"ಜೂನ್ ಒಂದು ಬರೀತೀನಿ."

"ನಿಮಗ ತಿಳಿದಂಗ ಬರ್ಕೊಳ್ರೀ."

ಹಂಗಾಮು, ವಾರ, ಜಾವ ಎಲ್ಲವನ್ನೂ ಆಕೆ ಕರಾರುವಾಕ್ಕಾಗಿ ಕೊಟ್ಟಿದ್ದಾಳೆ. ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ. ಕುರುಗೋಡಿನ ತಾಯಿ ದೊಡ್ಡಬಸಪ್ಪನ ತೇರಿನ ಮರುದಿನ ಎಂದಿರಬಹುದು. ಅದೂ ಜೂನ್ 1ಕ್ಕೇ ಬಂದು ಬೀಳುತ್ತದೆ.

ಆಕ್ಷೇಪಗಳಿವೆ. ಬಳ್ಳಾರಿ ರಾಘವರು 1880ರ ಆಗಸ್ಟ್ 2ರಂದು ಹುಟ್ಟಿ ಸಿದ್ಧಾಂತಕ್ಕೆ ಅಡ್ಡ ನಿಂತಿದ್ದಾರೆ. ಆಗಿನ ಬಳ್ಳಾರಿ ಜಿಲ್ಲೆಯ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರದು 1913ರ ಏಪ್ರಿಲ್ 23. ರಾಘವರು ರಂಗದ ಮೇಲೆ ತಂದ ಶೇಕ್ಸ್‌ಪಿಯರನದೂ ಏಪ್ರಿಲ್ 23 ಎನ್ನುತ್ತಾರೆ. ಆದರೆ ಅವನ ಊರಿನ ಚರ್ಚಿನ ಪುಸ್ತಕದಲ್ಲಿರುವುದು 1564ರ ಏಪ್ರಿಲ್ 26ರ ದೀಕ್ಷಾಸ್ನಾನ ಮಾತ್ರ. 23 ಎಂಬುದು ಆಮೇಲಿನವರ ಊಹೆ. ಅಂದರೆ ಅವನೂ ದಾಖಲಾತಿಯಿಂದ ಹುಟ್ಟಿದವನೇ. ಸಿದ್ಧಾಂತ ಉಳಿಯಿತು.

ಇನ್ನು ನಿಜವಾಗಿಯೇ ಜೂನ್ 1ರಂದು ಹುಟ್ಟಿದ ಅಪರೂಪದವರು: ಮರ್ಲಿನ್ ಮನ್ರೋ (1926), ನರ್ಗಿಸ್ (1929). ಇಬ್ಬರೂ ತೆಕ್ಕಲಕೋಟೆ ಶಾಲೆಯಲ್ಲಿ ಓದಿಲ್ಲವಾದ್ದರಿಂದ ಇದು ಕೇವಲ ಕಾಕತಾಳೀಯ. ಸತ್ಯೇಂದ್ರನಾಥ ಟ್ಯಾಗೋರರನ್ನು ಮಾತ್ರ ಹಾಗೆ ತಳ್ಳಿಹಾಕಲಾಗದು. ಇಂಡಿಯನ್ ಸಿವಿಲ್ ಸರ್ವಿಸ್ ಸೇರಿದ ಮೊದಲ ಭಾರತೀಯ ಅವರು, ಹುಟ್ಟಿದ್ದು 1842ರ ಜೂನ್ 1. ಸರ್ಕಾರಿ ನೌಕರಿಗೂ ಈ ತಾರೀಖಿಗೂ ಇರುವ ನಂಟಿಗೆ ಅವರೇ ಮೂಲಪುರುಷರು.

ಈ ಕುಲದವರು ಹುಟ್ಟುಹಬ್ಬವನ್ನು ಹುಟ್ಟಿದ ದಿನ ಆಚರಿಸುವುದಿಲ್ಲ. ತಿಂಗಳ ಮೊದಲ ದಿನ ಅರವತ್ತು ತುಂಬುವವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕು ಎಂಬುದು ನಿಯಮ. ಆದ್ದರಿಂದ ಶಾಲು, ಹಾರ, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಮೇ 31ಕ್ಕೆ. ಮರುದಿನ ಜನ್ಮದಿನ, ಆಗ ಅವರು ಪಿಂಚಣಿದಾರರು.

ಇದು ನಿನ್ನೆ ಮೊನ್ನೆಯ ಪದ್ಧತಿಯೂ ಅಲ್ಲ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿ ಅಶೋಕನ ಶಾಸನಗಳಿವೆ. ಆ ಚಕ್ರವರ್ತಿ ತಾನು ಉಪಾಸಕನಾಗಿ ಎರಡೂವರೆ ವರ್ಷ ಮಿಕ್ಕಿತೆಂದು ಬಂಡೆಯ ಮೇಲೆ ಸಾರುತ್ತಾನೆ, ಹುಟ್ಟಿದ್ದು ಯಾವಾಗ ಎಂಬುದರ ಸುದ್ದಿಯೇ ಇಲ್ಲ. ಸೇರಿದ್ದೇ ಲೆಕ್ಕ. ಎಡಗಿವಿ ಮುಟ್ಟಿಸಿ ನೋಡಿದ್ದರೋ ಇಲ್ಲವೋ, ಶಾಸನ ಮೌನವಾಗಿದೆ.

ವಂಶ ಈಗ ಕ್ಷೀಣಿಸುತ್ತಿದೆ. ಜನನ ಮರಣ ನೋಂದಣಿಯ ಕಾಯ್ದೆಗೆ ಆದ ತಿದ್ದುಪಡಿ 2023ರ ಅಕ್ಟೋಬರ್ 1ರಂದು ಜಾರಿಗೆ ಬಂದಿದೆ. ಅಂದಿನಿಂದ ಹುಟ್ಟಿದವರಿಗೆ ಶಾಲೆ ಸೇರಲು ಜನನ ಪ್ರಮಾಣಪತ್ರವೇ ಆಧಾರ. ಹೆಡ್‌ಮಾಸ್ತರರ ಸೃಷ್ಟಿಶಕ್ತಿ ಅಲ್ಲಿಗೆ ಮುಗಿಯಿತು. ವಿಚಿತ್ರವೆಂದರೆ ಅಕ್ಟೋಬರ್ 1 ಬಳ್ಳಾರಿಯದೇ ದಿನ. 1953ರಲ್ಲಿ ಅಂದೇ ಅದು ಮೈಸೂರು ರಾಜ್ಯಕ್ಕೆ ದಾಖಲಾಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಎತ್ತಿಕೊಂಡು ಆಂಧ್ರ ರಾಜ್ಯ ಹುಟ್ಟಿದ್ದೂ ಅಂದೇ. ಇಷ್ಟಿದ್ದೂ ಬಳ್ಳಾರಿ ಊರೆಲ್ಲ ಬಾವುಟ ಕಟ್ಟಿ ಹಬ್ಬ ಮಾಡುವುದು ನವೆಂಬರ್ 1ಕ್ಕೆ. ಯಾವ ಹೆಡ್‌ಮಾಸ್ತರರು ಬರೆದರೋ, ಕೈಬರಹ ಮಾತ್ರ ಪರಿಚಯದ್ದು.